ಕಡಿತದ ಪಟ್ಟಿಯಲ್ಲಿ ಪರವಲ್ ತಾಕು

ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಒಪ್ಪಿಸಿದ ಜವಾಬ್ದಾರಿ ಕುರ್ಚಿ ಎಣಿಸುವುದು.

ವಾರಾಣಸಿಯ ಹೊರವಲಯದಲ್ಲಿ ತರಕಾರಿ ಬೆಳೆಗಳ ಸಂಶೋಧನೆ ನಡೆಸುವ ಒಂದು ಸರಕಾರಿ ಕೇಂದ್ರ ಅದು. ಅಲ್ಲಿ ವಿಸ್ತರಣಾ ವಿಭಾಗ ಎಂದಿತ್ತು. ಒಳಗೆ ವಿಜ್ಞಾನಿಗಳು ಕಂಡುಕೊಂಡದ್ದನ್ನು ಹೊರಗೆ ರೈತರಿಗೆ ಮುಟ್ಟಿಸುವುದು ನಮ್ಮ ಕೆಲಸ. ನಾನು ರಾಣೆಬೆನ್ನೂರಿನ ಕಡೆಯವಳು. ಕೃಷಿ ಪದವಿ ಮುಗಿಸಿ, ಗಂಡನಿಗೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ಅವರ ಹಿಂದೆ ಬಂದವಳು. ರೈತರ ಮುಂದೆ ಏನು ಮಾತಾಡಲಿ ಎಂದು ಹಿಂದಿ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋದರೆ, ಗುಮಾಸ್ತರು ಕೈಗೆ ಸೀಮೆಸುಣ್ಣ ಕೊಟ್ಟು, "ನಾಳೆ ತರಬೇತಿ ಇದೆ, ಕುರ್ಚಿಗಳಿಗೆ ನಂಬರ್ ಹಾಕಿ" ಅಂದರು. ಹಾಕಿದೆ. ಮರುದಿನ ಸಂಜೆ ವರದಿಯಲ್ಲಿ ತುಂಬಿದ ಕುರ್ಚಿಗಳ ಸಂಖ್ಯೆ ಬರೆದೆವು. ತರಬೇತಿ ಯಶಸ್ವಿ ಎಂದಾಯಿತು.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳಿಗೆ ನಾನು ಇದನ್ನೇ ಮೊದಲು ಹೇಳುವುದು. ಮುಂದಿನ ಮೂವತ್ತು ವರ್ಷ ನಾನು ಒಂದಲ್ಲ ಒಂದು ರೂಪದಲ್ಲಿ ಕುರ್ಚಿಯನ್ನೇ ಎಣಿಸಿದೆ. ಮೊಣಕಾಲು ಕೈಕೊಟ್ಟು ಐವತ್ತಾರಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ, ನದಿ ದಂಡೆಯ ಅಸ್ಸಿಯ ಗಲ್ಲಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತ ಕೂತಾಗ ಹೊಳೆಯಿತು: ಎಣಿಸದೆ ಬಿಟ್ಟವರೇ ನನಗೆ ಹೆಚ್ಚು ಕಲಿಸಿದರು.

ಆ ಕತೆ ಶುರುವಾಗುವುದು ಪರವಲ್‌ನಿಂದ. ನಮ್ಮ ಕಡೆಯವರಿಗೆ ಇದರ ಪರಿಚಯ ಕಡಿಮೆ. ನೋಡಲು ತೊಂಡೆಕಾಯಿಯ ಅಣ್ಣ. ಇಲ್ಲಿಯವರು ಪಲ್ಯ ಮಾಡುತ್ತಾರೆ, ಒಳಗೆ ಖೋವಾ ತುಂಬಿ ಸಿಹಿಯನ್ನೂ ಮಾಡುತ್ತಾರೆ. ತೊಂಡೆಯಂತೆಯೇ ಇದನ್ನು ಬೀಜದಿಂದ ಬೆಳೆಯುವುದಿಲ್ಲ, ಬಳ್ಳಿಯ ತುಂಡು ನೆಡಬೇಕು. ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು. ಹತ್ತು ಹೆಣ್ಣಿಗೆ ಒಂದು ಗಂಡು ಇದ್ದರೆ ಸಾಕು, ಆದರೆ ಇರಲೇಬೇಕು. ತೊಡಕಿರುವುದು ಎಲ್ಲೆಂದರೆ, ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹೂ ಬಂದಾಗ ಹೂವಿನ ಬುಡ ನೋಡಬೇಕು. ಪುಟ್ಟ ಕಾಯಿಯಂಥ ಉಬ್ಬು ಇದ್ದರೆ ಹೆಣ್ಣು.

ಗಂಗೆಯ ಆಚೆ ದಡದಲ್ಲಿ ಮಳೆಗಾಲ ಮುಗಿದ ಮೇಲೆ ಮೈಲುಗಟ್ಟಲೆ ಮರಳು ಏಳುತ್ತದೆ. ಇಲ್ಲಿಯವರು ಅದನ್ನು ರೇತಿ ಅನ್ನುತ್ತಾರೆ. ದೋಣಿ ನಡೆಸುವ, ಮೀನು ಹಿಡಿಯುವ ಮನೆಗಳ ಹೆಂಗಸರು ಕಾರ್ತಿಕದಲ್ಲಿ ಆ ರೇತಿಯೊಳಗೆ ಹಸಿ ಸಿಗುವವರೆಗೆ ಗುಂಡಿ ತೋಡಿ, ಗೊಬ್ಬರ ತುಂಬಿ, ಪರವಲ್ ಬಳ್ಳಿಯನ್ನು ಸಿಂಬೆಯಂತೆ ಸುತ್ತಿ ಇಡುತ್ತಾರೆ. ಚೈತ್ರದಿಂದ ಕಾಯಿ. ಆಷಾಢದಲ್ಲಿ ನದಿ ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ, ಬಳ್ಳಿಯನ್ನೂ. ಹಾಗಾಗಿ ಪ್ರತಿವರ್ಷ ಕಾರ್ತಿಕಕ್ಕೆ ಹೊಸ ಬಳ್ಳಿ ಎಲ್ಲಿಂದಾದರೂ ಬರಬೇಕು. ನಮ್ಮ ಕೇಂದ್ರದ ಎತ್ತರದ ನೆಲದಲ್ಲಿ ಅರ್ಧ ಎಕರೆಯ ತಾಯಿಬಳ್ಳಿ ತಾಕು ಇತ್ತು. ಬಳ್ಳಿ ಅಲ್ಲಿಂದ ಹೋಗುತ್ತಿತ್ತು.

ನನ್ನ ಅತಿ ದೊಡ್ಡ ತಪ್ಪು ನಡೆದದ್ದೂ ಅಲ್ಲೇ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಹೂ ಬಿಡುವ ಕಾಲಕ್ಕೆ ತಾಕಿನಲ್ಲಿ ಹೆಣ್ಣು ಬಳ್ಳಿಗೆ ಕೆಂಪು ಬಟ್ಟೆ, ಗಂಡು ಬಳ್ಳಿಗೆ ನೀಲಿ ಬಟ್ಟೆ ಕಟ್ಟುವ ಕೆಲಸ ನನ್ನದು. ಗೋದೌಲಿಯಾದ ಒಬ್ಬ ದರ್ಜಿಯ ಅಂಗಡಿಯಿಂದ ಚೂರು ಬಟ್ಟೆ ಒಂದು ಚೀಲ ತಂದೆ. ಕೆಂಪು ನೀಲಿ ಎರಡೂ ಝಗಮಗ. ಮಳೆಗಾಲ ಮುಗಿದು ಬಳ್ಳಿ ಕತ್ತರಿಸಲು ಹೋಗಿ ನೋಡಿದರೆ ಎಲ್ಲ ಬಟ್ಟೆಯೂ ಬೂದಿ ಬಣ್ಣ. ಹೋಗಿ ಮೇಲಧಿಕಾರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೂರನೆಯ ಸಾಲು, ಏಳನೆಯ ಸಾಲು ಗಂಡು ಎಂದು ನೆನಪಿತ್ತು. ಅದೇ ನೆನಪಿನ ಮೇಲೆ ಕತ್ತರಿಸಿ ಕೊಟ್ಟೆ. ನಾನು ಎಣಿಸಿದ್ದು ಬಾವಿಯ ಕಡೆಯಿಂದ, ಕಟ್ಟಿದ್ದು ಬೇಲಿಯ ಕಡೆಯಿಂದ. ಹೆಣ್ಣೆಂದು ಕೊಟ್ಟ ಕಟ್ಟುಗಳಲ್ಲಿ ಕೆಲವು ಪೂರ್ತಿ ಗಂಡೇ ಆದವು.

ಫೂಲಮತಿ ಎಂಬವಳನ್ನು ನಾನು ಮೊದಲ ಸಲ ನೋಡಿದ್ದು ಆಗ. ಮುಂದಿನ ಚೈತ್ರದಲ್ಲಿ ಕೇಂದ್ರದ ಗೇಟಿನ ಒಳಗೆ ಬಂದು, ಸೆರಗಿನಲ್ಲಿ ಕಟ್ಟಿದ್ದ ಒಂದು ರಾಶಿ ಬಿಳಿ ಹೂವನ್ನು ನನ್ನ ಮೇಜಿನ ಮೇಲೆ ಸುರಿದಳು. ಅವಳ ಭೋಜಪುರಿ ನನ್ನ ಕಿವಿಗೆ ನಮ್ಮೂರ ಸಂತೆಯ ಮಾತಿನಂತೆಯೇ ಕೇಳುತ್ತಿತ್ತು, ಹಾಗೆಯೇ ಬರೆಯುತ್ತೇನೆ.

"ಬಳ್ಳಿ ಕೊಟ್ಟಾಕಿ ನೀನ ಏನ? ತಗೋ, ಹೂವು. ದೇವರಿಗೆ ಏರಿಸು. ನನ್ನ ರೇತಿ ತುಂಬ ಗಂಡಸರ ಜಾತ್ರಿ ಆಗೇತಿ. ಒಂದು ಕಾಯಿ ಇಲ್ಲ."

ಎದ್ದು ನಿಂತೆ. "ತಪ್ಪು ನಂದೇ" ಅಂದೆ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಸರಕಾರದೋರು ತಪ್ಪು ಅಂತಾರ ಏನ? ಇದ ಹೊಸಾದು ನೋಡ್ರಿ!" ಎಂದು ಜೊತೆಗೆ ಬಂದಿದ್ದವಳಿಗೆ ಹೇಳಿ, ನಕ್ಕು, ಮತ್ತೆ ಸಿಟ್ಟಾದಳು. ಆ ವರ್ಷ ಅವಳ ಮನೆ ಮೀನಿನ ಮೇಲೆ ನಡೆಯಿತು. ನಾನು ಮುಂದಿನ ಕಾರ್ತಿಕದಲ್ಲಿ ಬಳ್ಳಿಯನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಅಂದಿನಿಂದ ನನ್ನನ್ನು ದೀದಿ ಅನ್ನುತ್ತಾಳೆ, ನೀನು ಅನ್ನುತ್ತಾಳೆ. ಅಕ್ಕನಿಗೆ ಬಹುವಚನ ಯಾಕೆ ಎಂಬುದು ಅವಳ ವಾದ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಬಡ್ತಿ ಬಂತು, ಕುರ್ಚಿಗೆ ಕೈ ಬಂತು. ನಾನು ಕಟ್ಟಿ ಬೆಳೆಸಿದ ಕಾರ್ಯಕ್ರಮವೆಂದರೆ ಮೂರು ದಿನದ ವಸತಿ ತರಬೇತಿ. ಚೀಲ, ಪೆನ್ನು, ಪ್ರಮಾಣಪತ್ರ, ಕೊನೆಯ ದಿನ ಗುಂಪು ಫೋಟೊ. ಮೊದಲು ಸ್ಲೈಡು ತೋರಿಸುತ್ತಿದ್ದೆವು. ಕರೆಂಟು ಹೋದರೆ ಪಾಠವೂ ಹೋಯಿತು. ಆಮೇಲೆ ಕರಪತ್ರ ಬಂತು. ಅದರ ಹಿಂದಿ ಎಷ್ಟು ಶುದ್ಧವಾಗಿತ್ತೆಂದರೆ ಬರೆದವರಿಗೂ ಎರಡನೆಯ ಸಲ ಓದಿದರೇ ತಿಳಿಯುತ್ತಿತ್ತು. ಕೊನೆಕೊನೆಗೆ ವಾಟ್ಸಾಪ್ ಗುಂಪು. ಹುಳ ಬಿದ್ದ ಎಲೆಯ ಫೋಟೊ ಬರುತ್ತಿತ್ತು, ಕಳಿಸಿದವನ ಹೆಬ್ಬೆರಳೇ ಅದರಲ್ಲಿ ಮುಕ್ಕಾಲು. ಆದರೂ ನನಗೆ ಆ ಗುಂಪು ಇಷ್ಟವಾಗಿತ್ತು. ಪ್ರಶ್ನೆ ಅವರಿಂದ ಮೊದಲು ಬರುತ್ತಿತ್ತಲ್ಲ. ಒಂದೇ ಕೊರತೆ, ಫೋನು ಗಂಡಸರ ಜೇಬಿನಲ್ಲಿರುತ್ತಿತ್ತು, ಪ್ರಶ್ನೆ ಹೆಂಗಸರ ಹತ್ತಿರ.

ತರಬೇತಿಗೆ ಬಂದವರ, ಬಳ್ಳಿ ಒಯ್ದವರ ಹೆಸರು ಬರೆಯಲು ಒಂದು ನಮೂನೆ ಇತ್ತು. ಹೆಸರು, ಊರು, ಜಮೀನಿನ ದಾಖಲೆ ನಂಬರು, ಸಹಿ. ರೇತಿಯಲ್ಲಿ ಬೆಳೆಯುವವರಿಗೆ ದಾಖಲೆ ಎಲ್ಲಿಂದ ಬರಬೇಕು? ಆ ನೆಲ ಪ್ರತಿವರ್ಷ ಹೊಸದಾಗಿ ಹುಟ್ಟುತ್ತದೆ. ಅವರ ಸಾಲುಗಳಲ್ಲಿ ಒಂದು ಕಾಲಂ ಖಾಲಿ ಉಳಿಯುತ್ತಿತ್ತು. ಖಾಲಿ ಕಾಲಂ ಕಂಡರೆ ನನಗೆ ಅಡುಗೆಮನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿ ಕಂಡಷ್ಟು ಕಿರಿಕಿರಿ. "ಪೂರ್ತಿ ಇರುವ ಸಾಲುಗಳನ್ನು ಮಾತ್ರ ಮೇಲಕ್ಕೆ ಕಳಿಸಿ" ಎಂದು ಗುಮಾಸ್ತರಿಗೆ ನಾನೇ ಹೇಳಿಟ್ಟೆ. ವರದಿ ಅಚ್ಚುಕಟ್ಟಾಯಿತು. ಮೆಚ್ಚುಗೆಯ ಪತ್ರವೂ ಒಂದು ಸಲ ಬಂತು.

ನಾನು ನಿವೃತ್ತಿಯಾಗುವ ಎರಡು ವರ್ಷ ಮುಂಚಿನ ಮಾತು. ಭಾದ್ರಪದ. ನದಿ ಮೈದುಂಬಿ ನಮ್ಮ ಗಲ್ಲಿಯ ತುದಿಯವರೆಗೆ ಬಂದಿತ್ತು. ಕೇಂದ್ರದ ನಿರ್ದೇಶಕರು, ಶುಕ್ಲಾಜಿ, ಎಲ್ಲರನ್ನೂ ಸಭೆಗೆ ಕರೆದರು. ಶುಕ್ಲಾಜಿ ಮೆಲುಮಾತಿನ ಮನುಷ್ಯ; ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ರಬ್ಬರು ಯಾವಾಗಲೂ ಕೈಯಲ್ಲಿರುತ್ತಿತ್ತು.

"ಅನುದಾನ ಕಡಿತವಾಗಿದೆ. ವರ್ಷದ ನಡುವೆಯೇ. ಹನ್ನೊಂದು ಕಾರ್ಯಕ್ರಮ ನಡೆಸುತ್ತಿದ್ದೇವೆ, ಆರು ಮಾತ್ರ ನಡೆಸಬಹುದು. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕತ್ತರಿಸೋಣ ಎಂದು ಯಾರೂ ಹೇಳಬೇಡಿ. ಹಾಗೆ ಮಾಡಿದರೆ ಹನ್ನೊಂದೂ ಉಪವಾಸ ಇರುತ್ತವೆ."

ಐದು ಅಂಶಗಳಿಗೆ ಅಂಕ ಕೊಡಬೇಕೆಂದಾಯಿತು. ಬೆಳೆಯ ವಿಸ್ತೀರ್ಣ, ಪ್ರಕಟವಾದ ಪ್ರಬಂಧಗಳು, ಬಂದ ಪ್ರಶಸ್ತಿ, ಹೊರದೇಶಕ್ಕೆ ಹೋಗುವ ಸಾಧ್ಯತೆ, ಫಲಾನುಭವಿಗಳ ಸಂಖ್ಯೆ. ಕೂಡಿಸಿದಾಗ ನನ್ನ ವಸತಿ ತರಬೇತಿ ಎರಡನೆಯ ಸ್ಥಾನದಲ್ಲಿತ್ತು. ಪರವಲ್ ತಾಕು ಒಂಬತ್ತನೆಯದು. ತಾಕನ್ನು ಆ ತಿಂಗಳ ಕೊನೆಗೆ ಉಳುವುದು, ಆ ನೆಲವನ್ನು ಬೇರೆ ಪ್ರಯೋಗಕ್ಕೆ ಕೊಡುವುದು ಎಂದು ಶುಕ್ಲಾಜಿ ಪೆನ್ಸಿಲಿನಲ್ಲಿ ಬರೆದರು. ತಿಂಗಳ ಕೊನೆ ಎಂದರೆ ಕಾರ್ತಿಕಕ್ಕೆ ಮುಂಚೆ. ಫೂಲಮತಿಯ ನೆನಪು ಬಂತು. ಆದರೂ ಎರಡನೆಯ ಸ್ಥಾನದ ಖುಷಿ ಅದಕ್ಕಿಂತ ಜೋರಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹಾಳೆಯ ಮೇಲೆ ಎರಡು ಎಂದು ಬರೆದು ಅಡಿಗೆರೆ ಎಳೆದೆ.

ಹೊರಗೆ ಚಹಾ ಅಂಗಡಿಯ ಹತ್ತಿರ ಬಸವರಾಜ ಸಿಕ್ಕರು. ವಿಜಯಪುರದ ಕಡೆಯವರು, ಟೊಮ್ಯಾಟೊ ತಳಿ ವಿಜ್ಞಾನಿ, ಕೇಂದ್ರದಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ಒಬ್ಬರೇ ಮನುಷ್ಯ. ಮಣ್ಣಿನ ಕುಡಿಕೆಯ ಚಹಾ ಊದುತ್ತ ಕೇಳಿದರು:

"ಅಕ್ಕಾರ, ಪರವಲ್‌ಗೆ ಫಲಾನುಭವಿಗಳು ಹದಿನಾಲ್ಕ ಮಂದಿ ಅಂತ ಬರದೀರಲ್ಲ?"

"ಹೌದು. ದಾಖಲೆ ಇರೋದು ಅಷ್ಟೇ."

"ಹಂಗಾರ ಈ ಊರಿನ ಮಂಡಿಯೊಳಗ ಚೈತ್ರದಾಗ ಗುಡ್ಡ ಗುಡ್ಡ ಪರವಲ್ ಬೀಳತಾವಲ್ಲ, ಅವೆಲ್ಲಾ ಆ ಹದಿನಾಲ್ಕ ಮಂದಿನ ಬೆಳೀತಾರೇನ್ರಿ? ಭಾಳ ಗಟ್ಟಿ ಮಂದಿ ಬಿಡ್ರಿ."

ನಗುವುದಕ್ಕೆಂದೇ ಹೇಳಿದ್ದು. ನಾನು ಕುಡಿಕೆ ಕೆಳಗಿಟ್ಟೆ. ಖಾಲಿ ಕಾಲಂನ ಸಾಲುಗಳು ಕಣ್ಣ ಮುಂದೆ ಬಂದವು. ಪರವಲ್ ಅನ್ನು ಒಂಬತ್ತನೆಯ ಸ್ಥಾನಕ್ಕೆ ತಳ್ಳಿದ್ದು ಸರಕಾರದ ಕಡಿತವಲ್ಲ, ನನ್ನ ಅಚ್ಚುಕಟ್ಟು.

ಅಲ್ಲಿಂದಲೇ ವಾಪಸು ಹೋಗಿ ಶುಕ್ಲಾಜಿಯ ಬಾಗಿಲು ತಟ್ಟಿದೆ.

"ಸರ್, ನಾನು ಕೊಟ್ಟ ಸಂಖ್ಯೆ ಸರಿಯಿಲ್ಲ."

"ಎಷ್ಟು ಸರಿಯಿಲ್ಲ?"

"ಗೊತ್ತಿಲ್ಲ ಸರ್. ಅದನ್ನೇ ನೋಡಿ ಬರಬೇಕು. ಹತ್ತು ದಿನ ಕೊಡಿ."

"ಇಷ್ಟು ವರ್ಷ ಸುಳ್ಳು ವರದಿ ಕಳಿಸಿದೆವೇ?"

"ಸುಳ್ಳಲ್ಲ ಸರ್. ಪೂರ್ತಿ ಇದ್ದವರನ್ನು ಮಾತ್ರ ಕಳಿಸಿದೆವು."

ಅವರು ರಬ್ಬರನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರು. "ಹತ್ತು ದಿನ. ಹನ್ನೊಂದನೆಯ ದಿನ ಟ್ರ್ಯಾಕ್ಟರು ಬರುತ್ತದೆ. ಜೀಪು ಕೇಳಬೇಡಿ, ಡೀಸೆಲ್ ಇಲ್ಲ."

ನದಿ ತುಂಬಿದ ಕಾಲಕ್ಕೆ ಪೀಪಾಯಿಗಳ ತೇಲುಸೇತುವೆ ಬಿಚ್ಚಿಟ್ಟಿರುತ್ತಾರೆ, ದೋಣಿಯೂ ಬಂದ್. ಸುತ್ತುಹಾಕಿ ದೊಡ್ಡ ಸೇತುವೆಯ ಮೇಲಿಂದ ಆಟೋದಲ್ಲಿ ಹೋದೆ. ಆ ಹೊತ್ತಿನಲ್ಲಿ ಹೋದದ್ದೇ ಒಳ್ಳೆಯದಾಯಿತು. ರೇತಿ ನೀರಡಿ ಇತ್ತು, ಹೆಂಗಸರೆಲ್ಲ ಮನೆಯಲ್ಲಿದ್ದರು. ಫೂಲಮತಿ ಬಲೆ ಹೆಣೆಯುತ್ತಿದ್ದಳು. ವಿಷಯ ಹೇಳಿದೆ. ಅವಳ ಕೈ ನಿಂತಿತು.

"ಉಳುತಾರಾ? ಹೂಂ? ಹಂಗಾರ ಕಾರ್ತಿಕದಾಗ ನಾವು ಏನ ನೆಡೂನು, ನಿನ್ನ ಪ್ರಮಾಣಪತ್ರ ನೆಡೂನು?"

"ಬೇರೆ ಕಡೆಯಿಂದ ಬಳ್ಳಿ ಸಿಗೂದಿಲ್ಲಾ?"

"ಸಿಗತೈತಿ. ವ್ಯಾಪಾರಿ ತರತಾನ. ಗಂಡು ಎಷ್ಟು, ಹೆಣ್ಣು ಎಷ್ಟು ಅಂದರ, ಮದುವಿ ಮಾಡಿ ನೋಡು ಅಂತಾನ."

"ನಿಂಗ ಬಳ್ಳಿ ಕೊಟ್ಟದ್ದು ನಾನು. ನೀ ಯಾರಿಗಾದರೂ ಕೊಟ್ಟೀಯೇನು?"

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಕೊಡಲಾರದ ಇರತಾರ ಏನ?"

ಅಲ್ಲಿಂದ ನನಗೆ ಎಣಿಸುವ ಹೊಸ ರೀತಿ ಸಿಕ್ಕಿತು. ಎಷ್ಟು ಜನ ಬಂದರು ಎಂದು ಕೇಳುವುದನ್ನು ಬಿಟ್ಟೆ. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ನಿಮ್ಮ ಬಳ್ಳಿ ಯಾರು ಕೊಟ್ಟರು? ಫೂಲಮತಿ ಅತ್ತಿಗೆಗೆ ಕೊಟ್ಟಿದ್ದಳು. ಅತ್ತಿಗೆ ತವರಿನಲ್ಲಿ ಮೂರು ಮನೆಗೆ. ಆ ಮೂರರಲ್ಲಿ ಒಬ್ಬಳು ಮಗಳ ಮದುವೆಯಲ್ಲಿ ಬೀಗರಿಗೆ ಸೀರೆಯ ಜೊತೆ ಒಂದು ಸಿಂಬೆ ಬಳ್ಳಿ ಕೊಟ್ಟಿದ್ದಳು. ನಾಲ್ಕನೆಯ ದಿನ ಒಂದು ಊರಲ್ಲಿ ಮುದುಕಿಯೊಬ್ಬಳು, "ಇದು ಫೂಲಮತಿ ಜಾತಿ ಬಳ್ಳಿ" ಎಂದು ನನಗೇ ಪರಿಚಯ ಮಾಡಿಸಿದಳು. ನಮ್ಮ ಕೇಂದ್ರದ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಒಂಬತ್ತು ದಿನ ತಿರುಗಿದೆ. ದಿನವೂ ಮನೆಗೆ ಬಂದು ಅನ್ನಕ್ಕಿಟ್ಟು, ಕುಕ್ಕರು ಕೂಗುವಷ್ಟರಲ್ಲಿ ಅಂದಿನ ಹೆಸರುಗಳನ್ನು ಮರದ ಕೊಂಬೆಗಳಂತೆ ಒಂದು ಹಾಳೆಯ ಮೇಲೆ ಬರೆಯುತ್ತಿದ್ದೆ. ಮಗಳು ನೋಡಿ, "ಅಮ್ಮಾ, ಯೇ ಕಿಸ್ಕಾ ಖಾನ್‌ದಾನ್ ಹೈ?" ಅಂದಳು. ಯಾರ ವಂಶವೃಕ್ಷ ಎಂದು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೇ.

"ಪರವಲ್‌ದು" ಅಂದೆ.

ಕೊನೆಯ ದಿನಕ್ಕೆ ಹಾಳೆಗೆ ಹಾಳೆ ಅಂಟಿಸಿ ಅದು ಊಟದ ಮೇಜಿನಷ್ಟಾಗಿತ್ತು. ಹದಿನಾಲ್ಕು ಮಂದಿಯದೆಂದು ನಾನು ಬರೆದ ಬೆಳೆ ಹನ್ನೆರಡು ಹಳ್ಳಿಯಲ್ಲಿ ಹಬ್ಬಿತ್ತು. ಹಾಳೆಗೆ ಹೊಸದಾಗಿ ಸೇರಿದ ಅಷ್ಟೂ ಮನೆಗಳಲ್ಲಿ ಒಂದರಲ್ಲೂ ಜಮೀನಿನ ಕಾಗದ ಕಾಣಲಿಲ್ಲ.

ಹನ್ನೊಂದನೆಯ ದಿನದ ಸಭೆಯಲ್ಲಿ ಆ ಹಾಳೆಯನ್ನು ಗೋಡೆಗೆ ಅಂಟಿಸಿದೆ. ಹೇಗೆ ತಪ್ಪಾಯಿತೆಂದೂ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಶುಕ್ಲಾಜಿ ಎದ್ದು ಬಂದು, ಕನ್ನಡಕ ಹಣೆಗೆ ಏರಿಸಿ, ಕೊಂಬೆಯಿಂದ ಕೊಂಬೆಗೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದರು.

"ಸರಿ. ಪರವಲ್ ಉಳಿಯಬೇಕು ಅಂತ ನಿಮ್ಮ ವಾದ. ಆರೇ ಜಾಗ ಇರುವುದು. ಯಾವುದು ಹೋಗಬೇಕು, ಅದನ್ನೂ ಹೇಳಿ."

ಉಳಿಸಿ ಎಂದು ಕೇಳುವುದು ಸುಲಭ. ಮೇಜಿನ ಸುತ್ತ ಹತ್ತು ಮುಖ; ಪ್ರತಿಯೊಬ್ಬರೂ ತಮ್ಮ ಹೆಸರು ನನ್ನ ಬಾಯಿಂದ ಬರಬಾರದೆಂದು ಕೂತಿದ್ದರು. ಬಸವರಾಜರೇ ಮೊದಲು ಮಾತಾಡಿದರು, ಹಿಂದಿಯಲ್ಲಿ:

"ಅಂಕದ ಪಟ್ಟಿಯಲ್ಲಿ ಒಂದು ಪ್ರಶ್ನೆ ಇಲ್ಲ ಸರ್. ನಾವು ನಿಲ್ಲಿಸಿದರೆ ಆ ರೈತನಿಗೆ ಬೇರೆ ಯಾರಾದರೂ ಅದನ್ನು ಕೊಡುತ್ತಾರೋ? ನನ್ನ ಟೊಮ್ಯಾಟೊ ಬೀಜ ಇಲ್ಲದಿದ್ದರೆ ಅಂಗಡಿಯಲ್ಲಿ ಹತ್ತು ಕಂಪನಿಯ ಪೊಟ್ಟಣ ಇವೆ. ಬಳ್ಳಿಯನ್ನು ಯಾವ ಕಂಪನಿಯೂ ಪೊಟ್ಟಣದಲ್ಲಿ ಮಾರುವುದಿಲ್ಲ." ಆಮೇಲೆ ನನ್ನ ಕಡೆ ವಾಲಿ ಕನ್ನಡದಲ್ಲಿ, "ಹಂಗಂತ ನನ್ನ ಟೊಮ್ಯಾಟೊ ಬಿಟ್ಟುಕೊಡೂದಿಲ್ಲ ಮತ್ತ, ಅಕ್ಕಾರ" ಅಂದರು.

ಆ ಪ್ರಶ್ನೆಯನ್ನು ಹನ್ನೊಂದಕ್ಕೂ ಒಂದೊಂದಾಗಿ ಕೇಳಿ ನೋಡಿದೆವು. ಇದು ನಿಂತರೆ ಬರುವ ಋತುವಿನಲ್ಲಿ ಯಾರು ಬರಿಗೈಯಲ್ಲಿ ಉಳಿಯುತ್ತಾರೆ? ಅವರಿಗೆ ಬೇರೆ ದಾರಿ ಇದೆಯೇ? ನನ್ನ ವಸತಿ ತರಬೇತಿಯ ಸರದಿ ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. ಅದರಿಂದ ಒಳ್ಳೆಯದಾಗಿರಲಿಲ್ಲ ಎಂದಲ್ಲ. ಅಣಬೆ ಬೆಳೆಯುವುದನ್ನು ಕಲಿತು ಇಡೀ ಓಣಿಗೆ ಕಲಿಸಿದ ಒಬ್ಬ ವಿಧವೆಯ ಮುಖ ನನಗೆ ನೆನಪಿದೆ. ಆದರೆ ಹೆಚ್ಚಿನವರು ನಾಲ್ಕನೆಯ ಸಲ ಅದೇ ಚೀಲ ತೆಗೆದುಕೊಂಡು ಹೋಗುವವರು. ಪ್ರಮಾಣಪತ್ರದ ಮೇಲಿನ ನನ್ನ ಸಹಿ, ಗುಂಪು ಫೋಟೊದ ನಡುವಿನ ನನ್ನ ಜಾಗ, ಎರಡೂ ಒಂದು ಕ್ಷಣ ಎಳೆದವು.

"ನನ್ನದು ಹೋಗಲಿ ಸರ್" ಅಂದೆ.

ಶುಕ್ಲಾಜಿ ಪೆನ್ಸಿಲಿನಿಂದ ಬರೆದದ್ದನ್ನು ಅಳಿಸಿದರು. ಆದರೆ ಪೂರ್ತಿ ಗೆದ್ದೆ ಎಂದುಕೊಳ್ಳಬೇಡಿ. ತಾಕಿಗೆ ನೀರು ಹಾಯಿಸಲು, ಕಳೆ ತೆಗೆಯಲು ಕೂಲಿಯವರನ್ನು ಇಡುವ ಶಕ್ತಿ ಕೇಂದ್ರಕ್ಕೆ ಉಳಿದಿರಲಿಲ್ಲ. "ಈ ಕಾರ್ತಿಕದವರೆಗೆ ಟ್ರ್ಯಾಕ್ಟರು ತಡೆಯುತ್ತೇನೆ. ಆಮೇಲೆ ನೆಲ ಬಿಡಲೇಬೇಕು. ವರ್ಷಕ್ಕೆ ಎರಡು ಸಲ ಒಬ್ಬರು ಹೋಗಿ ಬರುವ ಖರ್ಚು ಕೊಡಬಲ್ಲೆ. ಅಷ್ಟರಲ್ಲಿ ಏನು ಮಾಡಬಹುದೋ, ಬೆಳೆಯುವವರಿದ್ದಾರಲ್ಲ, ಅವರನ್ನೇ ಕೇಳಿ" ಅಂದರು. ಇಷ್ಟು ವರ್ಷದ ಸೇವೆಯಲ್ಲಿ ಮೇಲಧಿಕಾರಿಯೊಬ್ಬರು ಅವರನ್ನೇ ಕೇಳಿ ಎಂದದ್ದು ನನ್ನ ಕಿವಿಗೆ ಅದೇ ಮೊದಲು.

ಕೇಳಿದೆ. ಫೂಲಮತಿಯ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಸೇರಿದ್ದರು. ಕೇಂದ್ರದ ತಾಕಿನ ಬಳ್ಳಿಯನ್ನು ಕೊನೆಯ ಸಲ ಕತ್ತರಿಸಿ ಕೊಡುತ್ತೇವೆ. ರೇತಿಗೆ ಹಾಕುವುದನ್ನು ಹಾಕಿ, ಪ್ರತಿ ಮನೆಯೂ ಐದು ಬಳ್ಳಿ ಮನೆಯ ಹಿಂದೆ, ನೀರು ಏರದ ಎತ್ತರದಲ್ಲಿ ಉಳಿಸಿಕೊಂಡರೆ ತಾಯಿಬಳ್ಳಿ ಇಲ್ಲೇ ಇರುತ್ತದೆ ಎಂದೆ.

"ಆಡು ತಿಂದಾವು" ಎಂದಳು ಒಬ್ಬಳು.

"ಆಡಿಗೆ ಹಗ್ಗ ಹಾಕತೀವಿ" ಎಂದಳು ಫೂಲಮತಿ. "ಇವರ ಡೈರೆಕ್ಟರ್‌ಗೆ ಯಾರು ಹಗ್ಗ ಹಾಕವರು? ಮುಂದಿನ ವರ್ಷ ಅಂವ ಮತ್ತೇನ ಉಳತಾನೋ. ನಮ್ಮ ಕೈಯಾಗ ಇರಲಿ."

ಗುರುತಿಗೆ ಏನು ಕಟ್ಟುವುದು ಎಂಬ ಮಾತು ಬಂತು. ಬಟ್ಟೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ನಕ್ಕರು. ನನ್ನ ಹಳೆಯ ಕತೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಫೂಲಮತಿಯ ಸೊಸೆ ತನ್ನ ಕೈಯಿಂದ ಒಂದು ಗಾಜಿನ ಬಳೆ ಜಾರಿಸಿ, ಅಂಗಳದ ಬಿದಿರುಗೂಟಕ್ಕೆ ಹಾಕಿ ತೋರಿಸಿದಳು. ಗಾಜಿನ ಬಣ್ಣ ಮಳೆಗೆ ಹೋಗುವುದಿಲ್ಲ.

"ಹೆಣ್ಣಿಗೆ ಬಳಿ. ಗಂಡಿಗೆ?" ಎಂದೆ.

"ಗಂಡಿಗೆ ಏನೂ ಬ್ಯಾಡ. ಅವನ್ನ ಯಾರು ಹುಡುಕತಾರ?" ಎಂದಳು ಸೊಸೆ.

ಕಾರ್ತಿಕದಲ್ಲಿ ಬಳ್ಳಿ ಹಂಚಿದ ಮೇಲೆ ಕೇಂದ್ರದ ತಾಕನ್ನು ಉತ್ತರು. ಚೈತ್ರದಲ್ಲಿ ಹೂ ಬಿಟ್ಟಾಗ ಒಮ್ಮೆ, ಮಳೆಗೆ ಮುಂಚೆ ಒಮ್ಮೆ ಹೋಗಿ, ಪ್ರತಿ ಮನೆಯ ಹಿತ್ತಲಲ್ಲೂ ಹೂವಿನ ಬುಡ ನೋಡಿ ಬಳೆ ಸರಿಯಿದೆಯೇ ಎಂದು ಪರೀಕ್ಷಿಸಿದೆ. ಎರಡನೆಯ ಸಲದ ಹೊತ್ತಿಗೆ ನನಗೆ ಕೆಲಸವೇ ಉಳಿದಿರಲಿಲ್ಲ. ಏಳೆಂಟು ವರ್ಷದ ಹುಡುಗಿಯರು ಕೂಡ ಹೂ ಬಗ್ಗಿಸಿ ನೋಡಿ ಹೇಳುತ್ತಿದ್ದರು. ಮೂರು ದಿನ ಕುರ್ಚಿಯ ಮೇಲೆ ಕೂರಿಸಿದರೂ ನಾನು ಕಲಿಸಲಾಗದಿದ್ದ ಪಾಠ.

ಆ ವರ್ಷ ನದಿ ಜೋರಾಗಿ ಬಂತು. ಕೆಲವು ಹಿತ್ತಲುಗಳೂ ಮುಳುಗಿದವು, ಬಳ್ಳಿ ಕೊಳೆಯಿತು. ಉಳಿದದ್ದು ಸಾಕಾಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಕಾರ್ತಿಕದ ಒಂದು ಬೆಳಿಗ್ಗೆ ಫೂಲಮತಿಯ ಅಂಗಳಕ್ಕೆ ಹೋದೆ. ಒದ್ದೆ ಗೋಣಿತಟ್ಟಿನ ಮೇಲೆ ಸಿಂಬೆ ಸಿಂಬೆಯಾಗಿ ಬಳ್ಳಿ ರಾಶಿ ಬಿದ್ದಿತ್ತು. ಸುತ್ತ ಮೂರು ಊರಿನ ಜನ. ಕೇಳುವವರು ಹೆಚ್ಚು, ಬಳ್ಳಿ ಕಡಿಮೆ. ಫೂಲಮತಿ ಹಗ್ಗದ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು.

ಮೊದಲು ರಾಮರತಿ ಎಂಬವಳನ್ನು ಕರೆದಳು. ಅವಳ ಪಾಲಿನ ರೇತಿಯನ್ನು ನದಿ ಪೂರ್ತಿ ಕೊರೆದುಕೊಂಡು ಹೋಗಿತ್ತು, ಹಿತ್ತಲೂ ಮುಳುಗಿತ್ತು. ದೂರದಲ್ಲಿ ಹೊಸ ರೇತಿ ಹಿಡಿದಿದ್ದಳು. ಅವಳಿಗೆ ಮೊದಲ ಕಟ್ಟು. ಆಮೇಲೆ ಗುಂಡಿ ತೋಡಿ ಮುಗಿಸಿದವರಿಗೆ. ರಸ್ತೆ ಬದಿಯ ದೊಡ್ಡ ಹೊಲದವನೊಬ್ಬ ಮುಂದೆ ಬಂದು, "ಚಾಚಿ, ನನ್ನ ಹೊಲ ದೊಡ್ಡದು, ನನಗೆ ಜಾಸ್ತಿ ಬೇಕು" ಅಂದ.

"ದೊಡ್ಡ ಹೊಲ ಐತಿ, ಆಲೂಗಡ್ಡಿ ಹಾಕು, ಬಟಾಣಿ ಹಾಕು. ರೇತಿಯೊಳಗ ಇವರು ಬ್ಯಾರೆ ಏನ ಹಾಕತಾರಪ್ಪ? ಹಿಂದ ನಿಲ್ಲು. ಉಳದರ ಕೊಡತೀನಿ."

ಅವನು ಗೊಣಗುತ್ತ ಹಿಂದೆ ಸರಿದ. ಅಂಕವಿಲ್ಲ, ಕಾಲಂ ಇಲ್ಲ. ಕಾಲು ಗಂಟೆಯಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ಇಡೀ ಅಂಗಳಕ್ಕೆ ತಿಳಿದುಹೋಗಿತ್ತು. ಯಾಕೆ ಎಂಬುದೂ ತಿಳಿದಿತ್ತು.

ನನಗೂ ಒಂದು ಬೇಡಿಕೆ ಇತ್ತು. ಬಸವರಾಜರು ತಮ್ಮ ಟೊಮ್ಯಾಟೊ ಪ್ರಯೋಗದ ಅಂಚಿನಲ್ಲಿ ಎರಡು ಸಾಲು ಪರವಲ್ ಹಾಕಿ, ಕೊಳೆಯದ ತಳಿ ಹುಡುಕಲು ಶುರುಮಾಡುತ್ತೇನೆ ಎಂದಿದ್ದರು. "ಕೇಂದ್ರಕ್ಕೂ ಹತ್ತು ಬಳ್ಳಿ ಬೇಕಿತ್ತು" ಅಂದೆ.

"ನಿಂದು ಕೊನೀಗೆ, ದೀದಿ. ಕೂಡು. ಚಾ ಕುಡಿ."

ಕೂತೆ, ಕುಡಿದೆ. ಬಿಸಿಲು ಮನೆಯ ಹೆಂಚು ದಾಟಿ ಅಂಗಳಕ್ಕಿಳಿದಾಗ ನನ್ನ ಸರದಿ ಬಂತು. ಕೈಗೆ ಬಂದ ಸಿಂಬೆ ಬಿಚ್ಚಿ ಎಣಿಸಿದೆ. ಏಳಿದ್ದವು.

"ಹತ್ತು ಕೇಳಿದ್ದೆನಲ್ಲ?"

"ಮೂರು ರಾಮರತಿಗೆ ಹೆಚ್ಚಿಗಿ ಕೊಟ್ಟೀನಿ. ಆಕಿ ಬಳ್ಳಿ ಸತ್ತರ ಆಕಿ ವರ್ಷ ಮುಗೀತು. ನಿನ್ನ ಬಳ್ಳಿ ಸತ್ತರ ನೀ ಸುಮ್ಮನ ಬರಕೋತೀ."

ಕೇಂದ್ರದಲ್ಲಿ ಏಳನ್ನೂ ನೆಟ್ಟೆವು. ಒಂದು ಸತ್ತಿತು, ಬರೆದುಕೊಂಡೆ. ಆರು ಚಿಗುರಿದವು.